ಮುಹಮ್ಮದ್ ಆದಿಲ್ ಶಾಹನ ಕಾಯಿಲೆ: ಹುಡುಕಾಟ ಎಲ್ಲಿಗೆ ಬಂದಿದೆ

ಜುಲೈ

ವಿಜಯಪುರದ ಗೋಳಗುಮ್ಮಟದಲ್ಲಿ ಮಣ್ಣಾದ ಸುಲ್ತಾನ ಮುಹಮ್ಮದ್ ಆದಿಲ್ ಶಾಹ 1627ರಿಂದ 1656ರವರೆಗೆ ಆಳಿದನು. 1646ರಲ್ಲಿ ಅವನು ಕಾಯಿಲೆ ಬಿದ್ದನು, ಅಲ್ಲಿಂದ ಹತ್ತು ವರ್ಷ ನರಳಿದನು, ರಾಜ್ಯದ ವ್ಯವಹಾರವನ್ನು ರಾಣಿ ಬಡೀ ಸಾಹೇಬಾ ನೋಡಿಕೊಂಡಳು ಎಂದು ಇತಿಹಾಸದ ಪುಸ್ತಕಗಳು ಒಂದೆರಡು ಸಾಲಿನಲ್ಲಿ ಹೇಳಿ ಶಿವಾಜಿಯ ಕಡೆಗೆ ಹೊರಳುತ್ತವೆ. ಯಾವ ಕಾಯಿಲೆ, ನಡುವೆ ಚೇತರಿಕೆ ಇತ್ತೇ, ಸಾವಿಗೆ ಅದೇ ಕಾರಣವೇ ಎಂಬುದನ್ನು ಯಾರೂ ಬಿಡಿಸಿ ನೋಡಿದಂತೆ ಕಾಣುವುದಿಲ್ಲ. ಊರಲ್ಲಿ ಕೇಳಿದರೆ ‘ಲಕ್ವಾ ಹೊಡೆದಿತ್ತು’, ಅಂದರೆ ಪಾರ್ಶ್ವವಾಯು ಬಡಿದಿತ್ತು, ಎನ್ನುವವರು ಸಿಗುತ್ತಾರೆ. ಸುಲ್ತಾನನ ರೋಗಚರಿತ್ರೆಯನ್ನು ವರ್ಷವಾರು ಪಟ್ಟಿ ಮಾಡಿ, ಪ್ರತಿ ನಮೂದಿನ ಎದುರಿಗೆ ಅದಕ್ಕಿರುವ ಆಧಾರವನ್ನು ಬರೆದಿಡುವುದು ನನ್ನ ಕೆಲಸ.

ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಸಾವಿನ ವರ್ಷ. ಗೋಳಗುಮ್ಮಟದ ದಕ್ಷಿಣ ಬಾಗಿಲ ಮೇಲಿನ ಪಾರಸಿ ಶಾಸನದಲ್ಲಿ ಮೂರು ವಾಕ್ಯಗಳಿವೆ. ಅಕ್ಷರಗಳಿಗೆ ಬೆಲೆ ಕಟ್ಟುವ ಅಬ್ಜದ್ ಕ್ರಮದಲ್ಲಿ ಮೂರೂ ಒಂದೇ ವರ್ಷವನ್ನು ಕೊಡುತ್ತವೆ ಎಂದು ಓದಿದ್ದೆ. ಪರೀಕ್ಷಿಸಲು ‘ಆಕಿಬತ್ ಮುಹಮ್ಮದ್ ಮಹಮೂದ್ ಶುದ್’ ಎಂಬ ವಾಕ್ಯವನ್ನು ತೆಗೆದುಕೊಂಡು ಅಕ್ಷರ ಅಕ್ಷರವಾಗಿ ಕೂಡಿದೆ: 573, 92, 98, 304, ಒಟ್ಟು 1067. ಹಿಜರಿ 1067ನೆಯ ವರ್ಷ 1656ರ ಅಕ್ಟೋಬರಿನಲ್ಲಿ ಆರಂಭವಾಗುತ್ತದೆ, ಪುಸ್ತಕಗಳು ಹೇಳುವ ನವೆಂಬರ್ ಅದರ ಮೊದಲ ತಿಂಗಳೊಳಗೆ ಬೀಳುತ್ತದೆ. ಈ ಒಂದು ನಮೂದನ್ನು ಶಾಯಿಯಲ್ಲಿ ಬರೆದಿದ್ದೇನೆ, ಉಳಿದವೆಲ್ಲ ಸದ್ಯಕ್ಕೆ ಪೆನ್ಸಿಲಿನಲ್ಲಿವೆ.

ಆಗಸ್ಟ್

1646ರ ನಮೂದು ಸುಲಭವಾಗಿ ಬಗ್ಗಲಿಲ್ಲ. ಆ ವರ್ಷದ ಕಾಯಿಲೆಯ ಜೊತೆಗೇ ವಿಜಯಪುರದ ಸೂಫಿ ಸಂತ ಹಾಶಿಂಪೀರರ ಐತಿಹ್ಯ ಅಂಟಿಕೊಂಡಿದೆ. ಸುಲ್ತಾನನ ಜೀವ ಹೋಗುವ ಹಂತದಲ್ಲಿತ್ತು, ಆಗ ಸಂತರು ತಮ್ಮ ಆಯುಷ್ಯದ ಹತ್ತು ವರ್ಷಗಳನ್ನು ಅವನಿಗೆ ಧಾರೆಯೆರೆದರು, ತಾವು ಅದೇ ವರ್ಷ ತೀರಿಕೊಂಡರು ಎಂಬುದು ಅದರ ತಿರುಳು. ದರ್ಗಾಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ಈ ಕಥೆಯನ್ನು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಅದರ ಸತ್ಯಾಸತ್ಯವನ್ನು ಅಳೆಯುವುದು ನನ್ನ ಕೆಲಸವಲ್ಲ. ಆದರೆ ಅದರೊಳಗಿನ ‘ಹತ್ತು ವರ್ಷ’ ಎಂಬ ಸಂಖ್ಯೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಸಂತರು ತೀರಿಕೊಂಡರೆನ್ನುವ ಹಿಜರಿ 1056ನೆಯ ವರ್ಷ ಕ್ರಿ.ಶ. 1646ರ ಫೆಬ್ರುವರಿಯಿಂದ 1647ರ ಫೆಬ್ರುವರಿಯ ಆರಂಭದವರೆಗೆ ಹರಡಿದೆ. ಹತ್ತು ಚಾಂದ್ರ ವರ್ಷಗಳು ಹತ್ತು ಸೌರ ವರ್ಷಗಳಿಗಿಂತ ಮೂರೂವರೆ ತಿಂಗಳಷ್ಟು ಕಡಿಮೆ. ಈ ಲೆಕ್ಕದಲ್ಲಿ ದಾನವಾಗಿ ಬಂದ ಆಯುಷ್ಯ ಹಿಜರಿ 1066ರಲ್ಲಿ ಮುಗಿಯಬೇಕು; ಸುಲ್ತಾನ ಸತ್ತದ್ದು 1067ರ ಮೊದಲ ತಿಂಗಳಲ್ಲಿ. ವ್ಯತ್ಯಾಸ ಅಲ್ಪ, ಕಥೆಗೆ ಅದರಿಂದ ಧಕ್ಕೆಯೂ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಐತಿಹ್ಯ ಹೇಳುವುದು ಹತ್ತು ವರ್ಷಗಳ ಬದುಕಿನ ಮಾತು, ಪುಸ್ತಕಗಳು ಹೇಳುವುದು ಹತ್ತು ವರ್ಷಗಳ ಬೇನೆಯ ಮಾತು. ಒಂದೇ ಅವಧಿ ಒಂದು ಕಡೆ ಗುಣವಾದ ಕಾಲವಾಗಿ, ಇನ್ನೊಂದು ಕಡೆ ನರಳಿದ ಕಾಲವಾಗಿ ಬಂದಿದೆ. ವಿಜಯಪುರದ ಅರಸರ ಬಗ್ಗೆ ಪದೇ ಪದೇ ಉದ್ಧರಿಸಲಾಗುವ ‘ಬಸಾತೀನ್-ಉಸ್-ಸಲಾತೀನ್’ ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದದ್ದು. ಅಷ್ಟು ಹೊತ್ತಿಗೆ ದರ್ಗಾದ ಕಥೆ ಮತ್ತು ಅರಮನೆಯ ಸುದ್ದಿ ಒಂದರೊಳಗೊಂದು ಬೆರೆತಿರಲು ಬೇಕಾದಷ್ಟು ಕಾಲಾವಕಾಶವಿತ್ತು. ಎಡೆಬಿಡದ ಹತ್ತು ವರ್ಷಗಳ ರೋಗ ಎಂಬ ಮಾತಿನ ಹಿಂದೆ ಈ ಸಂಖ್ಯೆಯ ನೆರಳಿದೆ ಎಂಬುದು ನನ್ನ ಅನುಮಾನ.

ಸೆಪ್ಟೆಂಬರ್

ಆ ಹತ್ತು ವರ್ಷಗಳ ಘಟನೆಗಳನ್ನು ಪಟ್ಟಿಗೆ ಸೇರಿಸಿದ್ದೇನೆ. 1648ರಲ್ಲಿ ಶಹಜಹಾನನಿಂದ ‘ಶಾಹ’ ಎಂಬ ಬಿರುದು ಬಂತು. ಅದೇ ವರ್ಷ ಜಿಂಜಿಯ ಬಳಿ ಶಿವಾಜಿಯ ತಂದೆ ಶಹಾಜಿ ಭೋಸಲೆಯ ಬಂಧನವಾಯಿತು, 1649ರಲ್ಲಿ ಬಿಡುಗಡೆಯಾಯಿತು. 1651ರಲ್ಲಿ ಬೇಗಂ ತಲಾಬ್ ಎಂಬ ಕೆರೆ ನಿರ್ಮಾಣವಾಯಿತು. ಇವು ಯಾವುವೂ ಸುಲ್ತಾನ ಎದ್ದು ಓಡಾಡುತ್ತಿದ್ದನೆಂಬುದಕ್ಕೆ ಸಾಕ್ಷಿಯಲ್ಲ, ಏಕೆಂದರೆ ಅರಸನ ಹೆಸರಿನಲ್ಲಿ ಆಜ್ಞೆ ಹೊರಡಲು ಅರಸನ ಕೈಕಾಲು ನೆಟ್ಟಗಿರಬೇಕೆಂದೇನಿಲ್ಲ. ಮಂತ್ರಿ ಇಖ್ಲಾಸ್ ಖಾನನ ಜೊತೆ ಸುಲ್ತಾನ ಆನೆಯ ಮೇಲೆ ಕುಳಿತ ಹೆಸರಾಂತ ಚಿತ್ರವನ್ನೂ ಕೈಬಿಟ್ಟೆ. ಅದರ ಕಾಲ 1645ರ ಸುಮಾರು ಎನ್ನುತ್ತಾರೆ, ಅಲ್ಲದೆ ಆಸ್ಥಾನದ ಚಿತ್ರಕಾರ ಅರಸನ ಸೊಟ್ಟ ಬಾಯಿಯನ್ನು ಬರೆಯುವ ಧೈರ್ಯ ಮಾಡುತ್ತಿರಲಿಲ್ಲ.

ಲಕ್ವಾದ ಬಗ್ಗೆ ಪರಿಚಯದ ವೈದ್ಯರೊಬ್ಬರನ್ನು ಕೇಳಿದೆ. ‘ಹತ್ತ ವರ್ಷ ಹಾಸಿಗೀ ಹಿಡದು ಆಗಿನ ಕಾಲದಾಗ ಬದುಕೂದು ಭಾಳ ಕಷ್ಟ ಐತ್ರೀ’ ಎಂದರು. ಬೆನ್ನಿನ ಹುಣ್ಣು, ಶ್ವಾಸಕೋಶದ ಸೋಂಕು, ಮೂತ್ರದ ಸೋಂಕು, ಇವುಗಳಲ್ಲಿ ಒಂದು ಬಹಳ ಬೇಗ ಪ್ರಾಣ ತೆಗೆಯುತ್ತಿತ್ತಂತೆ. ಹಗುರವಾದ ಆಘಾತವಾಗಿ, ಕೋಲೂರಿ ನಡೆಯುವಷ್ಟು ಚೇತರಿಸಿಕೊಂಡವನಾದರೆ ಮಾತು ಬೇರೆ ಎಂದೂ ಸೇರಿಸಿದರು. ಹಾಗಾಗಿ ಲಕ್ವಾವನ್ನು ಪೂರ್ತಿ ಹೊಡೆದುಹಾಕಿಲ್ಲ. ಆದರೆ 1672ರಲ್ಲಿ ತೀರಿಕೊಂಡ ಅವನ ಮಗ ಎರಡನೆಯ ಅಲಿ ಆದಿಲ್ ಶಾಹನಿಗೆ ಪಾರ್ಶ್ವವಾಯು ಬಡಿದಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಬಾಯಿಂದ ಬಾಯಿಗೆ ಹೋಗುವಾಗ ಮಗನ ರೋಗ ತಂದೆಯ ಮೇಲೆ ಬಂದು ಕುಳಿತಿರುವ ಸಾಧ್ಯತೆ ನನಗೆ ಹೆಚ್ಚು ಬಲವಾಗಿ ಕಾಣುತ್ತದೆ.

ಆರೈಕೆಗೆ ಕೊರತೆ ಇದ್ದಿರಲಾರದು. ಅವನ ತಂದೆಯ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಸ್ವತಃ ಒಂದು ವೈದ್ಯಗ್ರಂಥ ಬರೆದು, ಅದರಲ್ಲಿ ಆಯುರ್ವೇದದ ವಿಚಾರಗಳನ್ನು ಪಾರಸಿಗೆ ತಂದಿದ್ದನು. ಪಾರ್ಶ್ವವಾಯುವಿಗೆ ಯುನಾನಿ ಹಕೀಮರು ಜೇನುನೀರು ಕುಡಿಸಿ, ದೋಷ ಪಕ್ವವಾದ ಮೇಲೆ ಭೇದಿ ಮಾಡಿಸಿ, ಬೆಚ್ಚನೆಯ ಎಣ್ಣೆ ತಿಕ್ಕುತ್ತಿದ್ದರು.

ಗೋರಿ ತೆರೆದು ಮೂಳೆ ಪರೀಕ್ಷಿಸಿದರೆ ತಿಳಿಯುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಕಟ್ಟೆಯ ಮೇಲೆ ಕಾಣುವವು ಗುರುತಿನ ಗೋರಿಗಳು, ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ; ಅವುಗಳನ್ನು ಮುಟ್ಟುವ ಯೋಚನೆಯೇ ನನಗೆ ಒಗ್ಗುವುದಿಲ್ಲ.

ಸದ್ಯದ ಪಟ್ಟಿಯಲ್ಲಿ 1646ರ ಎದುರಿಗೆ ‘ತೀವ್ರ ಕಾಯಿಲೆ, ಬದುಕಿ ಉಳಿದ’ ಎಂದಷ್ಟೇ ಬರೆದಿದ್ದೇನೆ. ಮುಂದೆ 1650ರ ನಂತರದ ಫರ್ಮಾನುಗಳ (ರಾಜಾಜ್ಞೆಗಳ) ಮುದ್ರಿತ ಪಾಠಗಳನ್ನು ಪಾರಸಿ ಬಲ್ಲ ಸ್ನೇಹಿತರೊಂದಿಗೆ ಕುಳಿತು ನೋಡಬೇಕಾಗಿದೆ. ಬಡೀ ಸಾಹೇಬಾಳ ಅಧಿಕಾರ ಗಂಡನ ಜೀವಿತಕಾಲದಲ್ಲೇ ಕಾಗದಕ್ಕೆ ಇಳಿದಿದೆಯೇ, ಇಲ್ಲವೇ ಮಗ ಪಟ್ಟಕ್ಕೆ ಬಂದ ಬಳಿಕವೇ ಎಂಬುದು ಅಲ್ಲಿ ಮೊದಲು ನೋಡಬೇಕಾದ ವಿಷಯ.