ಹತ್ತನೇ ಕ್ಲಾಸಿನಿಂದ ನೇರ ಕ್ಯಾಂಪಸ್ಸಿಗೆ: ಮೊದಲ ಸೆಮಿಸ್ಟರ್ ಎಲ್ಲಿ ಜಾರುತ್ತದೆ

ಅಮೆರಿಕದ ಹಲವು ರಾಜ್ಯಗಳಲ್ಲಿ ಹತ್ತನೇ ತರಗತಿ ಮುಗಿಸಿದ ಪ್ರತಿಭಾವಂತ ಮಕ್ಕಳಿಗೆ ಒಂದು ವಿಶೇಷ ದಾರಿ ಇದೆ. ಅಲ್ಲಿ ಹೈಸ್ಕೂಲ್ ಎಂದರೆ ಹನ್ನೆರಡನೇ ತರಗತಿವರೆಗೆ; ಅದರ ಕೊನೆಯ ಎರಡು ವರ್ಷಗಳನ್ನು ಅವರು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ, ಅಲ್ಲಿನ ಹಾಸ್ಟೆಲ್ಲಿನಲ್ಲೇ ಇದ್ದು ಕಳೆಯುತ್ತಾರೆ. ಡಿಗ್ರಿ ವಿದ್ಯಾರ್ಥಿಗಳ ಜೊತೆ ಅದೇ ಕ್ಲಾಸು, ಅದೇ ಪರೀಕ್ಷೆ. ಟೆಕ್ಸಸ್‌ನ ಡೆಂಟನ್‌ನಲ್ಲಿ ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಸ್ ಆವರಣದಲ್ಲಿರುವ ಗಣಿತ ಮತ್ತು ವಿಜ್ಞಾನ ಅಕಾಡೆಮಿ, ಅಂದರೆ ಟ್ಯಾಮ್ಸ್, ಇದರಲ್ಲಿ ಹೆಸರುವಾಸಿ. 1987ರಲ್ಲಿ ರಾಜ್ಯದ ಶಾಸನಸಭೆ ಅದನ್ನು ಸ್ಥಾಪಿಸಿತು, 1988ರಲ್ಲಿ ಮೊದಲ ತಂಡ ಬಂತು. ಕೆಂಟಕಿಯ ಗ್ಯಾಟನ್ ಅಕಾಡೆಮಿ 2007ರಲ್ಲಿ ಶುರುವಾಯಿತು. ಹೈಸ್ಕೂಲ್ ಮುಗಿಯುವ ಹೊತ್ತಿಗೆ ಮಕ್ಕಳ ಕೈಯಲ್ಲಿ ಸುಮಾರು 60 ಕಾಲೇಜ್ ಕ್ರೆಡಿಟ್ ಇರುತ್ತದೆ.

ಇಂಥದೊಂದು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಓದಿನ ಸಲಹೆ ಕೊಡುವುದು ನನ್ನ ಕೆಲಸ. ಕನ್ನಡದ ಅಪ್ಪ ಅಮ್ಮಂದಿರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ಕ್ಯಾಲ್ಕುಲಸ್, ಫಿಸಿಕ್ಸ್ ಇವನ ತಲೆಗೆ ಹತ್ತುತ್ತದಾ? ಹತ್ತುತ್ತದೆ. ಆಯ್ಕೆ ಪರೀಕ್ಷೆ ದಾಟಿ ಬಂದವರಿಗೆ ವಿಷಯ ಅರ್ಥವಾಗದೆ ಹೋಗುವುದು ಅಪರೂಪ. ಅವರು ಎಡವುವುದು ವಾರವನ್ನು ನಡೆಸುವುದರಲ್ಲಿ. ಹತ್ತು ವರ್ಷ ಕೂತು ಓದದೆಯೇ ಎ ಗ್ರೇಡ್ ತೆಗೆದ ಮಗುವಿಗೆ ಓದುವ ಅಭ್ಯಾಸ ಎಲ್ಲಿಂದ ಬರಬೇಕು? ಅದನ್ನು ಕಲಿಸಲು ನಮಗೆ ಸಿಗುವುದು ಮೊದಲ ಐದಾರು ವಾರ ಮಾತ್ರ.

ಲೆಕ್ಕ ಹೀಗಿದೆ. ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆ ಕ್ಲಾಸು, ಅದರ ಹೊರಗೆ ಕನಿಷ್ಠ ಎರಡು ಗಂಟೆ ಓದು, ಹೀಗೆ ಸುಮಾರು 15 ವಾರ. 15 ಕ್ರೆಡಿಟ್ ತೆಗೆದುಕೊಂಡವರಿಗೆ ವಾರಕ್ಕೆ 45 ಗಂಟೆ ಕೆಲಸ. ಲ್ಯಾಬ್ ಇದ್ದರೆ ಇನ್ನೂ ಹೆಚ್ಚು, ಏಕೆಂದರೆ ಒಂದು ಕ್ರೆಡಿಟ್ಟಿನ ಲ್ಯಾಬ್ ಸಾಮಾನ್ಯವಾಗಿ ಎರಡು ಮೂರು ಗಂಟೆ ಹಿಡಿಯುತ್ತದೆ, ರಿಪೋರ್ಟ್ ಬರೆಯುವುದು ಬೇರೆ. ಆದರೆ ವೇಳಾಪಟ್ಟಿಯಲ್ಲಿ ಕಾಣುವುದು ಆ 15 ಗಂಟೆ ಮಾತ್ರ. ಹೈಸ್ಕೂಲಿನಲ್ಲಿ ವಾರಕ್ಕೆ 35 ಗಂಟೆ ಕೂತು, ಅಲ್ಲೇ ಹೋಮ್‌ವರ್ಕ್ ಮುಗಿಸಿ ಬರುತ್ತಿದ್ದ ಹುಡುಗನಿಗೆ ಮಂಗಳವಾರ ಮಧ್ಯಾಹ್ನವೆಲ್ಲ ರಜೆಯಂತೆ ಕಾಣುತ್ತದೆ. ಅದಕ್ಕೇ ಮೊದಲ ಭೇಟಿಯಲ್ಲೇ ಖಾಲಿ ವಾರದ ಹಾಳೆ ಕೊಟ್ಟು ಆ 30 ಗಂಟೆಗಳನ್ನು ಅವರ ಕೈಯಿಂದಲೇ ತುಂಬಿಸುತ್ತೇವೆ. ಕೋರ್ಸಿನ ಹೆಸರು, ಕೂರುವ ಜಾಗ, ಮಾಡುವ ಕೆಲಸ, ಮೂರೂ ಬರೆದಿರಬೇಕು. 'ಸ್ಟಡಿ' ಅಂತ ಮಾತ್ರ ಬರೆದ ಚೌಕ ಎರಡನೇ ವಾರಕ್ಕೆ ನಿದ್ದೆಯೋ ಗೇಮೋ ಆಗಿಬಿಟ್ಟಿರುತ್ತದೆ.

ಇಲ್ಲಿ ನಮ್ಮ ಪಾಲಕರ ಸ್ವಂತ ಅನುಭವವೇ ಅಡ್ಡ ಬರುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಹದಿನಾರಕ್ಕೆ ಕಾಲೇಜು ಸೇರುವುದು ಕರ್ನಾಟಕದಲ್ಲಿ ಓದಿದವರಿಗೆ ಹೊಸದೇನಲ್ಲ, ಪಿಯುಸಿ ಮಾಡಿದವರೆಲ್ಲ ಹಾಗೇ ಸೇರಿದವರು. ಆದರೆ ಪಿಯುಸಿಗೆ ನಿಗದಿತ ಪಠ್ಯಪುಸ್ತಕ ಇತ್ತು, ಜೊತೆಯವರೆಲ್ಲ ಒಂದೇ ವಯಸ್ಸಿನವರು, ಕೊನೆಯಲ್ಲಿ ಸ್ಟಡಿ ಹಾಲಿಡೇಸ್ ಇತ್ತು, ವಾರ್ಷಿಕ ಪರೀಕ್ಷೆಯೇ ನಿರ್ಣಾಯಕವಾಗಿತ್ತು. ಈ ಕ್ಯಾಂಪಸ್ಸಿನಲ್ಲಿ ಸ್ಟಡಿ ಹಾಲಿಡೇಸ್ ಎನ್ನುವುದೇ ಇಲ್ಲ, ಪರೀಕ್ಷೆಗೆ ಮುಂಚೆ ಹೆಚ್ಚೆಂದರೆ ಒಂದು ದಿನ ಬಿಡುವು. ನಾಲ್ಕನೇ ಅಥವಾ ಐದನೇ ವಾರದಲ್ಲಿ ಮೊದಲ ಪರೀಕ್ಷೆ ಬಂದೇಬಿಡುತ್ತದೆ, ಅದಕ್ಕೇ ಒಟ್ಟು ಅಂಕದ ಐದನೇ ಒಂದು ಭಾಗ ಇರಬಹುದು. ಹೈಸ್ಕೂಲಿನಲ್ಲಿ ಒಂದು ವರ್ಷಕ್ಕೆ ಹರಡಿದ ಪಾಠ ಇಲ್ಲಿ ಒಂದು ಸೆಮಿಸ್ಟರಿಗೆ ಮುಗಿಯುತ್ತದೆ. 'ಕೊನೇ ತಿಂಗಳು ಕೂತು ಓದಿದರೆ ಆಯ್ತು' ಎಂದು ಮನೆಯಿಂದ ಬರುವ ಧೈರ್ಯದ ಮಾತು ಪ್ರೀತಿಯದೇ, ಆದರೆ ಮಗುವನ್ನು ಮುಳುಗಿಸುತ್ತದೆ.

ಇಷ್ಟು ಎಚ್ಚರ ಯಾಕೆಂದರೆ ಇಲ್ಲಿ ಬಂದ ಗ್ರೇಡು ಕಾಲೇಜ್ ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಅಧಿಕೃತ ಅಂಕಪಟ್ಟಿಯಲ್ಲಿ, ಶಾಶ್ವತ. 15 ಕ್ರೆಡಿಟ್ಟಿನಲ್ಲಿ ನಾಲ್ಕು ಕ್ರೆಡಿಟ್ಟಿನ ಒಂದು ಕೋರ್ಸಿಗೆ ಸಿ ಬಂದು ಉಳಿದೆಲ್ಲ ಎ ಬಂದರೂ ಜಿಪಿಎ, ಅಂದರೆ ಎಗೆ 4, ಸಿಗೆ 2 ಎಂದು ಹಿಡಿದು ತೆಗೆದ ಸರಾಸರಿ, 3.47. ಮುಂದಿನ ಮೂರು ಸೆಮಿಸ್ಟರ್, 45 ಕ್ರೆಡಿಟ್, ಎಲ್ಲದರಲ್ಲೂ ಎ ತೆಗೆದರೂ ಅದು 3.87ರಲ್ಲಿ ನಿಲ್ಲುತ್ತದೆ. ಮುಂದೆ ವೈದ್ಯಕೀಯಕ್ಕೆ ಹೋಗುವ ಆಸೆ ಇದ್ದವರಿಗೆ ಇದು ಇನ್ನೂ ಮುಖ್ಯ. ಅಮೆರಿಕದ ಬಹುತೇಕ ಮೆಡಿಕಲ್ ಕಾಲೇಜುಗಳು ಅರ್ಜಿ ಪಡೆಯುವ ಆಮ್ಕಾಸ್ ವ್ಯವಸ್ಥೆ ಹೈಸ್ಕೂಲ್ ವಯಸ್ಸಿನಲ್ಲಿ ತೆಗೆದುಕೊಂಡ ಕಾಲೇಜ್ ಕೋರ್ಸುಗಳನ್ನೂ ಕೇಳುತ್ತದೆ, ಜಿಪಿಎಗೆ ಸೇರಿಸಿಕೊಳ್ಳುತ್ತದೆ. ಹದಿನಾರರಲ್ಲಿ ಬಂದ ಸಿ ಇಪ್ಪತ್ತೆರಡರಲ್ಲೂ ಅರ್ಜಿಯ ಮೇಲೆ ಕೂತಿರುತ್ತದೆ.

ಹಾಗಾಗಿ ಮೊದಲ ಸೆಮಿಸ್ಟರಿನ ಕೋರ್ಸುಗಳನ್ನು ಆರಿಸುವಾಗ ನಾನು ಹಿಂದೆ ಎಳೆಯುವ ಕಡೆ ನಿಲ್ಲುತ್ತೇನೆ. ಲ್ಯಾಬ್ ಇರುವ ವಿಜ್ಞಾನ ಎರಡಕ್ಕಿಂತ ಹೆಚ್ಚು ಬೇಡ, ಸಾಧ್ಯವಿದ್ದರೆ ಒಂದೇ. 18 ಕ್ರೆಡಿಟ್ಟಿನ ಆಸೆ ಎರಡನೇ ವರ್ಷಕ್ಕಿರಲಿ. ಗಣಿತದಲ್ಲಿ ಯಾವ ಹಂತದ ಕ್ಲಾಸಿಗೆ ಕೂರಿಸಬೇಕೆಂದು ನೋಡುವ ಪ್ಲೇಸ್‌ಮೆಂಟ್ ಪರೀಕ್ಷೆಯನ್ನು ಮಗು ಒಬ್ಬನೇ, ಪುಸ್ತಕ, ಅಣ್ಣ, ಇಂಟರ್ನೆಟ್ ಯಾವುದರ ನೆರವೂ ಇಲ್ಲದೆ ಬರೆಯಬೇಕು. ಮನೆಯಲ್ಲಿ ಸಹಾಯ ಪಡೆದು ಬಂದ ಅಂಕ ಅವನನ್ನು ತಪ್ಪು ಕ್ಲಾಸಿನಲ್ಲಿ ಕೂರಿಸುತ್ತದೆ. ಮೊದಲ ಕ್ಯಾಲ್ಕುಲಸ್ ಹೇಗೋ ದಾಟುತ್ತದೆ. ಬೀಜಗಣಿತ ಮತ್ತು ತ್ರಿಕೋನಮಿತಿಯ ಸಡಿಲು ಜಾಗಗಳು ಬಯಲಾಗುವುದು ಎರಡನೆಯದರಲ್ಲಿ, ತ್ರಿಕೋನಮಿತೀಯ ಆದೇಶ (ಸಬ್‌ಸ್ಟಿಟ್ಯೂಷನ್), ಆಂಶಿಕ ಭಿನ್ನರಾಶಿ, ಅನಂತ ಶ್ರೇಣಿ ಬಂದಾಗ. ಪರೀಕ್ಷಾ ಹಾಳೆ ನೋಡಿದರೆ ಅನುಕಲನದ ಹೆಜ್ಜೆ ಸರಿ ಇರುತ್ತದೆ, ಕೆಳಗೆ ಭಿನ್ನರಾಶಿ ಒಡೆಯುವಲ್ಲಿ ತಪ್ಪಿರುತ್ತದೆ. ಕ್ಯಾಲ್ಕುಲಸ್‌ಗೆ ಮುಂಚಿನ ಪ್ರಿಕ್ಯಾಲ್ಕುಲಸ್ ಕೋರ್ಸನ್ನು ಮತ್ತೆ ಮಾಡಿಸಿದರೆ ಅವಮಾನ ಎಂದುಕೊಳ್ಳುವ ಮನೆಗಳಿವೆ. ಅಲ್ಲಿ ಕಳೆದ ಒಂದು ಸೆಮಿಸ್ಟರ್ ಮುಂದಿನ ಮೂರನ್ನು ಕಾಯುತ್ತದೆ.

ಕ್ಯಾಲೆಂಡರಿನಲ್ಲಿ ಒಂದು ದಿನವನ್ನು ಕೆಂಪಿನಲ್ಲಿ ಗುರುತಿಸಿ. ಟೆಕ್ಸಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫಾಲ್ (ವರ್ಷದ ಮೊದಲ), ಸ್ಪ್ರಿಂಗ್ (ಎರಡನೇ) ಸೆಮಿಸ್ಟರುಗಳ 12ನೇ ಕ್ಲಾಸ್ ದಿನ ಸೆನ್ಸಸ್ ದಿನ, ಅಂದರೆ ದಾಖಲಾದವರನ್ನು ಅಧಿಕೃತವಾಗಿ ಎಣಿಸುವ ದಿನ. ಅದರೊಳಗೆ ಕೋರ್ಸ್ ಬಿಟ್ಟರೆ ದಾಖಲೆಯಲ್ಲಿ ಗುರುತೇ ಉಳಿಯದು, ನಂತರ ಬಿಟ್ಟರೆ ಡಬ್ಲ್ಯು, ಅಂದರೆ ಕೋರ್ಸ್ ಬಿಟ್ಟ ಗುರುತು, ಬೀಳುತ್ತದೆ. ತೊಂದರೆ ಏನೆಂದರೆ 12ನೇ ದಿನದ ಹೊತ್ತಿಗೆ ಇನ್ನೂ ಯಾವ ಪರೀಕ್ಷೆಯೂ ಆಗಿರುವುದಿಲ್ಲ. ಆದ್ದರಿಂದ ಅಂಕಕ್ಕೆ ಕಾಯದೆ ಬೇರೆ ಲಕ್ಷಣ ನೋಡಬೇಕು. ಆನ್‌ಲೈನ್ ಹೋಮ್‌ವರ್ಕ್ ರಾತ್ರಿ ಹನ್ನೊಂದೂವರೆಗೆ ಸಲ್ಲಿಕೆಯಾಗುತ್ತಿದೆಯೇ, ಮೊದಲ ಕ್ವಿಜ್ ತಪ್ಪಿಸಿಕೊಂಡಿದ್ದಾನೆಯೇ, ನೋಟ್ಸ್ ಕೇಳಿದರೆ ಪ್ರೊಫೆಸರ್ ಹಾಕಿದ ಸ್ಲೈಡ್ ತೋರಿಸುತ್ತಾನೆಯೇ? ಈ ಮೂರರಲ್ಲಿ ಎರಡು ಕಂಡರೆ ಅದೇ ವಾರ ಕರೆದು ಕೂರಿಸಬೇಕು.

ಮೊದಲ ಪರೀಕ್ಷೆ ವಾಪಸ್ ಬಂದ ದಿನ ಬಹಳ ಮಕ್ಕಳಿಗೆ ಜೀವನದ ಮೊದಲ 68 ಸಿಗುತ್ತದೆ. ಅವರು ಹಾಳೆಯನ್ನು ಮಡಚಿ ಬ್ಯಾಗಿಗೆ ತುರುಕುತ್ತಾರೆ, ಮತ್ತೆ ತೆಗೆಯುವುದಿಲ್ಲ. ಇದೇ ದೊಡ್ಡ ನಷ್ಟ. 48 ಗಂಟೆಯೊಳಗೆ ಆ ಹಾಳೆ ಮೇಜಿನ ಮೇಲೆ ಬರಬೇಕು. ಕಳೆದ ಪ್ರತಿ ಅಂಕದ ಮುಂದೆ ನಾಲ್ಕರಲ್ಲಿ ಒಂದು ಕಾರಣ ಬರೆಸಿ: ಪರಿಕಲ್ಪನೆಯೇ ಗೊತ್ತಿರಲಿಲ್ಲ, ಗೊತ್ತಿತ್ತು ಆದರೆ ಹೆಜ್ಜೆ ತಪ್ಪಿತು, ಪ್ರಶ್ನೆ ತಪ್ಪಾಗಿ ಓದಿದೆ, ಸಮಯ ಸಾಲಲಿಲ್ಲ. ಕಾರಣಕ್ಕೆ ತಕ್ಕಂತೆ ಮದ್ದು ಬೇರೆ. ಸಮಯ ಸಾಲದವರು ಟೈಮರ್ ಇಟ್ಟು ಲೆಕ್ಕ ಬಿಡಿಸಬೇಕು, ಮತ್ತೆ ಅಧ್ಯಾಯ ಓದಿದರೆ ಉಪಯೋಗವಿಲ್ಲ. ಪರಿಕಲ್ಪನೆ ಇಲ್ಲದವರು ಅದನ್ನು ಮುಚ್ಚಿದ ಪುಸ್ತಕದಿಂದ ಜೋರಾಗಿ ವಿವರಿಸಬೇಕು. ಪುಸ್ತಕದ ಮೇಲೆ ಹಳದಿ ಪೆನ್ನು ಎಳೆಯುತ್ತಾ ಓದುವುದು ಚುರುಕು ಮಕ್ಕಳನ್ನು ಚೆನ್ನಾಗಿ ಮೋಸಗೊಳಿಸುತ್ತದೆ. ಓದಿದ್ದು ಪರಿಚಿತ ಅನಿಸುತ್ತದೆ, ನೆನಪಿಗೆ ಮಾತ್ರ ಬರುವುದಿಲ್ಲ.

ಪ್ರೊಫೆಸರರ ಆಫೀಸ್ ಅವರ್ಸಿಗೆ, ಅಂದರೆ ವಿದ್ಯಾರ್ಥಿಗಳ ಸಂದೇಹಕ್ಕೆಂದು ಅವರು ಕಚೇರಿಯಲ್ಲಿ ಸಿಗುವ ಹೊತ್ತಿಗೆ, ಹೋಗುವುದನ್ನೂ ಹೇಳಿಕೊಡಬೇಕಾಗುತ್ತದೆ. ಇವರಿಗೆ ಸಹಾಯ ಕೇಳಿ ರೂಢಿಯೇ ಇಲ್ಲ, ಕೇಳಿದರೆ ದಡ್ಡ ಎಂದು ಗೊತ್ತಾಗಿಬಿಡುತ್ತದೆ ಎಂಬ ಭಯ. 'ಅರ್ಥವಾಗಲಿಲ್ಲ ಸರ್' ಎಂದು ಹೋಗಬಾರದು. ಎರಡು ಲೆಕ್ಕ ಆರಿಸಿ, ಆಗುವಷ್ಟು ದೂರ ಬಿಡಿಸಿ, ನಿಂತ ಸಾಲಿನ ಕೆಳಗೆ ಗೆರೆ ಎಳೆದು, 'ಇಲ್ಲಿಂದ ಇಲ್ಲಿಗೆ ಹೇಗೆ ಬಂತು' ಎಂದು ಕೇಳಬೇಕು. ಮೂರನೇ ವಾರದೊಳಗೆ ಒಮ್ಮೆ ಹೋಗಿ ಬರಲಿ, ತೊಂದರೆ ಇಲ್ಲದಿದ್ದರೂ. ಇನ್ನೂರು ಜನರ ಕ್ಲಾಸಿನಲ್ಲಿ ಮುಂದೆ ಶಿಫಾರಸು ಪತ್ರ ಬರೆಯಲು ಪ್ರೊಫೆಸರಿಗೆ ಗುರುತು ಸಿಗುವುದು ಹೀಗೆ ಬಂದವರದ್ದೇ.

ಇಂಗ್ಲಿಷ್ ಬರವಣಿಗೆಯ ಕೋರ್ಸನ್ನು ಗಣಿತದ ಮಕ್ಕಳು ಹಗುರವಾಗಿ ಕಾಣುತ್ತಾರೆ. ಶಾಲೆಯಲ್ಲಿ ಕಲಿತ ಐದು ಪ್ಯಾರಾದ ಪ್ರಬಂಧ ಇಲ್ಲಿ ಸಾಲದು. ರಾತ್ರೋರಾತ್ರಿ ಬರೆಯಲು ಹೋಗಿ ಬೇರೆಯವರ ಸಾಲು ಹಾಕಿಕೊಂಡರೆ, ಅನುಮತಿ ಇಲ್ಲದೆ ಎಐಯಿಂದ ಬರೆಸಿದರೆ, ಅದು ವಿಶ್ವವಿದ್ಯಾಲಯದ ಶಿಸ್ತು ಪ್ರಕರಣವಾಗುತ್ತದೆ. ವಯಸ್ಸು ಹದಿನಾರು ಎಂಬ ರಿಯಾಯಿತಿ ಸಿಗುವುದಿಲ್ಲ.

ಪಾಲಕರಿಗೆ ತುಂಬ ನೋವಾಗುವ ವಿಚಾರ ಫರ್ಪಾ ಕಾನೂನು. 1974ರ ಈ ಕಾನೂನಿನ ಪ್ರಕಾರ ಮಗುವಿಗೆ 18 ತುಂಬಿದಾಗ, ಅಥವಾ ಯಾವ ವಯಸ್ಸಿನಲ್ಲೇ ಆಗಲಿ ಹೈಸ್ಕೂಲಿನಿಂದಾಚೆಯ ಸಂಸ್ಥೆಗೆ ಸೇರಿದಾಗ, ಶೈಕ್ಷಣಿಕ ದಾಖಲೆಯ ಹಕ್ಕು ವಿದ್ಯಾರ್ಥಿಗೇ ಹೋಗುತ್ತದೆ. ಅಂದರೆ ಅಮ್ಮ ಫೋನ್ ಮಾಡಿದರೂ ಕೆಮಿಸ್ಟ್ರಿ ಪ್ರೊಫೆಸರ್ ಗ್ರೇಡ್ ಹೇಳುವಂತಿಲ್ಲ. ಮಗು ಹೈಸ್ಕೂಲಿನಲ್ಲೂ ದಾಖಲಾಗಿದ್ದರೆ ಆ ಕಡೆಯ ದಾಖಲೆ ನೋಡಬಹುದು. ತೆರಿಗೆ ಲೆಕ್ಕದಲ್ಲಿ ಅವಲಂಬಿತನಾಗಿದ್ದರೆ ಕಾಲೇಜು ಹೇಳಬಹುದು, ಹೇಳಲೇಬೇಕೆಂದೇನಿಲ್ಲ. ಸೇರುವಾಗಲೇ ಒಪ್ಪಿಗೆ ಪತ್ರಕ್ಕೆ ಮಗುವಿನ ಸಹಿ ಹಾಕಿಸಿಟ್ಟರೆ ಮುಂದಿನ ಜಗಳ ತಪ್ಪುತ್ತದೆ. ಪ್ರೊಫೆಸರಿಗೆ ಮಗುವಿನ ಖಾತೆಯಿಂದ ನೀವು ಇಮೇಲ್ ಬರೆಯಬೇಡಿ, ದಯವಿಟ್ಟು. ರಾತ್ರಿಯ ಫೋನಿನಲ್ಲಿ 'ಮಾರ್ಕ್ಸ್ ಎಷ್ಟು' ಬದಲು 'ಈ ವಾರ ಯಾರ ಆಫೀಸಿಗೆ ಹೋದೆ, ಎಷ್ಟು ಹೊತ್ತಿಗೆ ಮಲಗಿದೆ' ಎಂದು ಕೇಳಿ. 13ರಿಂದ 18ರ ವಯಸ್ಸಿಗೆ ಬೇಕಾದ ನಿದ್ದೆ 8ರಿಂದ 10 ಗಂಟೆ. ಹಾಸ್ಟೆಲ್ಲಿನಲ್ಲಿ ಅದು ಐದಕ್ಕೆ ಇಳಿದಾಗ ಗ್ರೇಡು ಬೀಳುತ್ತದೆ, ಗ್ರೇಡು ಬಿದ್ದಿತೆಂದು ನಿದ್ದೆ ಇನ್ನೂ ಇಳಿಯುತ್ತದೆ.

ಕಾಗದಪತ್ರದಲ್ಲಿ ಕೈಕೊಡುವ ಜಾಗಗಳು ಕೆಲವೇ. ಟೆಕ್ಸಸ್‌ನಲ್ಲಿ 22ರೊಳಗಿನ ಹೊಸ ಕಾಲೇಜ್ ವಿದ್ಯಾರ್ಥಿಗಳು ತರಗತಿ ಶುರುವಾಗುವ ಕನಿಷ್ಠ 10 ದಿನ ಮುಂಚೆ ಮೆನಿಂಜೈಟಿಸ್ ಲಸಿಕೆ ಪಡೆದಿರಬೇಕು, ಅದೂ ಕಳೆದ ಐದು ವರ್ಷದೊಳಗೆ. ಹನ್ನೊಂದರ ವಯಸ್ಸಿನಲ್ಲಿ ಹಾಕಿಸಿದ ಡೋಸ್ ಹದಿನಾರರ ಹೊತ್ತಿಗೆ ಅವಧಿ ಮೀರಿರುತ್ತದೆ, ಹಾಗಾಗಿ ಜುಲೈನಲ್ಲೇ ಬೂಸ್ಟರ್ ಹಾಕಿಸಿ. ಅಪ್ರಾಪ್ತರ ಚಿಕಿತ್ಸೆಗೆ ಪಾಲಕರ ಒಪ್ಪಿಗೆ ಪತ್ರ ಕ್ಯಾಂಪಸ್ ಆರೋಗ್ಯ ಕೇಂದ್ರದಲ್ಲಿರಲಿ. ಎಡಿಎಚ್‌ಡಿ, ಡಿಸ್‌ಲೆಕ್ಸಿಯಾ ಇರುವ ಪ್ರತಿಭಾವಂತರು ಬಹಳ ಜನ ಇದ್ದಾರೆ. ಶಾಲೆ ತಾನಾಗಿ ಕೊಡುತ್ತಿದ್ದ ಹೆಚ್ಚುವರಿ ಸಮಯವನ್ನು ಕಾಲೇಜ್ ಕೋರ್ಸಿನಲ್ಲಿ ವಿದ್ಯಾರ್ಥಿಯೇ ದಾಖಲೆ ಸಮೇತ ಕೇಳಬೇಕು, ಮುಗಿದ ಪರೀಕ್ಷೆಗೆ ಅದು ಹಿಂದಿನಿಂದ ಅನ್ವಯಿಸುವುದಿಲ್ಲ. ಎಚ್-4 ವೀಸಾದಲ್ಲಿರುವ ಮಕ್ಕಳು (ಎಚ್-1ಬಿ ಉದ್ಯೋಗ ವೀಸಾದವರ ಅವಲಂಬಿತರು) ಓದಬಹುದು, ಆದರೆ ಸಂಬಳದ ಕೆಲಸ ಮಾಡುವಂತಿಲ್ಲ. ಬೇಸಿಗೆಯ ಸಂಶೋಧನೆಗೆ ಸ್ಟೈಪೆಂಡ್ ಇದ್ದರೆ ಒಪ್ಪಿಕೊಳ್ಳುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನೋ ವಕೀಲರನ್ನೋ ಕೇಳಿ.

ಕ್ರೆಡಿಟ್ ಎಲ್ಲಿಗೆ ಸಾಗುತ್ತದೆ ಎಂಬುದನ್ನೂ ಸೇರುವ ಮೊದಲೇ ನೋಡಿ. ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳ ನಡುವೆ 42 ಕ್ರೆಡಿಟ್ಟಿನ ಕೋರ್ (ಎಲ್ಲರಿಗೂ ಕಡ್ಡಾಯವಾದ ಸಾಮಾನ್ಯ ಕೋರ್ಸುಗಳು) ಪೂರ್ತಿ ಮುಗಿಸಿದ್ದರೆ ಅದು ಹಾಗೇ ವರ್ಗವಾಗುತ್ತದೆ. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಅನೇಕವು ಹೈಸ್ಕೂಲ್ ಡಿಪ್ಲೊಮಾಕ್ಕೆ ಲೆಕ್ಕ ಹಾಕಿದ ಕೋರ್ಸಿಗೆ ಕ್ರೆಡಿಟ್ ಕೊಡುವುದಿಲ್ಲ, ಅಲ್ಲಿ ನಾಲ್ಕು ವರ್ಷ ಓದಲೇಬೇಕು. ಎರಡು ವರ್ಷದ ಫೀಸು ಉಳಿಯುತ್ತದೆ ಎಂಬ ಲೆಕ್ಕದಲ್ಲಿ ಮಾತ್ರ ಬಂದವರಿಗೆ ಇದು ಕಹಿ ಸುದ್ದಿ. 60 ಕ್ರೆಡಿಟ್ ಇದ್ದರೂ ಅರ್ಜಿ ಹಾಕುವುದು ಸಾಮಾನ್ಯವಾಗಿ ಮೊದಲ ವರ್ಷದ ವಿದ್ಯಾರ್ಥಿಯಾಗಿಯೇ. ನ್ಯಾಷನಲ್ ಮೆರಿಟ್ ವಿದ್ಯಾರ್ಥಿವೇತನಕ್ಕೆ ಎಣಿಕೆಯಾಗುವ ಪಿಎಸ್‌ಎಟಿ ಪರೀಕ್ಷೆ ಕೂಡ ಇಲ್ಲಿನ ಮೊದಲ ಫಾಲ್‌ನ ಅಕ್ಟೋಬರಿನಲ್ಲಿ, ಮೊದಲ ಪರೀಕ್ಷೆಗಳ ಸಾಲಿನ ಮಧ್ಯೆಯೇ ಬರುತ್ತದೆ.

ಕೊನೆಗೆ, ವಾಪಸ್ ಹೋಗುವ ದಾರಿ. ಕೆಲವು ಮಕ್ಕಳಿಗೆ ಇದು ಹೊಂದುವುದಿಲ್ಲ, ಅದರಲ್ಲಿ ತಪ್ಪಿಲ್ಲ. ಡಿಸೆಂಬರಿನಲ್ಲಿ ಊರಿನ ಹೈಸ್ಕೂಲಿಗೆ ಮರಳಿದರೆ ವರ್ಷವಿಡೀ ನಡೆಯುವ ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜ್ ಮಟ್ಟದ) ಕೋರ್ಸುಗಳು ಅರ್ಧ ಮುಗಿದಿರುತ್ತವೆ, ಕಾಲೇಜಿನ ಗ್ರೇಡು ರ‍್ಯಾಂಕಿಗೆ ಹೇಗೆ ಸೇರುತ್ತದೆ ಎಂಬುದು ಒಂದೊಂದು ಶಾಲಾ ಜಿಲ್ಲೆಯಲ್ಲಿ ಒಂದೊಂದು ಥರ. ಸೇರುವ ಮುಂಚೆಯೇ ಆ ಶಾಲೆಯ ಕೌನ್ಸೆಲರ್ ಹತ್ತಿರ ಈ ಎರಡು ಪ್ರಶ್ನೆಗೆ ಲಿಖಿತ ಉತ್ತರ ಪಡೆದಿಟ್ಟುಕೊಳ್ಳಿ. ಮರಳುವ ಮಾತನ್ನು ಮಗುವಿನ ಜೊತೆ ಎರಡನೇ ಪರೀಕ್ಷೆಯ ನಂತರ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮನೆಗೆ ಬಂದಾಗ ಆಡಿ. ಆಗ ಇನ್ನೂ ಫೈನಲ್ ಉಳಿದಿರುತ್ತದೆ, ಸ್ಪ್ರಿಂಗ್ ಸೆಮಿಸ್ಟರಿಗೆ ಶಾಲೆಯಲ್ಲಿ ಜಾಗ ಕೇಳಲೂ ಸಮಯ ಇರುತ್ತದೆ.