ಎಳೆದ ಬಿಲ್ಲನ್ನು ಇಳಿಸಿ ನೋಡಿದ್ದೀರಾ?

ಹೊಸ ಬಿಲ್ಲಿನ ಡೆಮೊ ದಿನದ ಫೀಡ್‌ಬ್ಯಾಕ್ ಫಾರಂಗಳು ಇನ್ನೂ ನನ್ನ ಡ್ರಾಯರಿನಲ್ಲಿವೆ. ಒಟ್ಟು ಹದಿನಾಲ್ಕು. ಹನ್ನೊಂದರಲ್ಲಿ ಹೊಗಳಿಕೆ. ಎರಡರಲ್ಲಿ ಗ್ರಿಪ್ ದಪ್ಪವಾಯಿತು ಅನ್ನುವ ದೂರು. ಉಳಿದ ಒಂದರ ಅಂಚಿನಲ್ಲಿ ಒಂದೇ ಸಾಲು: "ಇದನ್ನು ಮಾಡಿದವರು ಒಮ್ಮೆಯಾದರೂ ಎಳೆದು ಇಳಿಸಿದ್ದಾರಾ?"

ಎಳೆದು ಇಳಿಸುವುದು ಅಂದರೆ ಬಾಣ ಬಿಡದೆ ಸ್ಟ್ರಿಂಗನ್ನು ಮೆಲ್ಲಗೆ ಮೊದಲಿನ ಜಾಗಕ್ಕೆ ತರುವುದು. ಮಾಡಿದವರಲ್ಲಿ ನಾನೂ ಒಬ್ಬ. ಇಳಿಸಿರಲಿಲ್ಲ.

ನನ್ನದು ಟ್ಯೂನಿಂಗ್ ಬೆಂಚಿನ ಕೆಲಸ. ಡಿಸೈನ್‌ನವರು ಕೊಟ್ಟ ಕ್ಯಾಮ್ (ತುದಿಯ ರಾಟೆ), ಲಿಂಬ್ (ಬಾಗುವ ತೋಳು) ಜೋಡಿಸಿ, ರಾಟೆಗಳ ಟೈಮಿಂಗ್ ಸರಿ ಮಾಡಿ, ಪೇಪರ್ ಮೂಲಕ ಬಾಣ ಬಿಟ್ಟು ಅದು ಹೇಗೆ ಹರಿಯಿತು ನೋಡಿ, ಬಿಲ್ಲು ಹೇಗಿದೆ ಎಂದು ವರದಿ ಬರೆಯುತ್ತೇನೆ. ಈ ಹೊಸ ಬೇಟೆ ಬಿಲ್ಲು ಕಾಂಪೌಂಡ್, ಅಂದರೆ ತುದಿಗಳಲ್ಲಿ ರಾಟೆ ಇರುವಂಥದ್ದು. ಇದಕ್ಕೆ ಎರಡು ಥರದ ಮಾಡ್ಯೂಲ್ (ಕ್ಯಾಮಿಗೆ ಕೂರಿಸಿ ಎಳೆತದ ಗುಣ ಬದಲಿಸುವ ತುಂಡು) ಇದ್ದವು. ಒಂದು ಮೆತ್ತಗಿನದು, ಇನ್ನೊಂದು ಖಡಕ್. ಖಡಕ್ ಹಾಕಿದರೆ ಸೆಕೆಂಡಿಗೆ 9 ಅಡಿ ವೇಗ ಜಾಸ್ತಿ.

ಡೆಮೊ ಹಿಂದಿನ ಸಂಜೆ ಮ್ಯಾನೇಜರ್ ಬಂದರು. "ಬ್ಯಾನರಿನಲ್ಲಿ ಸೆಕೆಂಡಿಗೆ 340 ಅಡಿ ಅಂತ ಪ್ರಿಂಟ್ ಆಗಿದೆ. ಆ 340 ಬರೋ ಮಾಡ್ಯೂಲನ್ನೇ ಎಲ್ಲದಕ್ಕೂ ಹಾಕಿಬಿಡಿ." ಅದೇ ಬ್ಯಾನರಿನಲ್ಲಿ ಇದು 1969ರ ನಂತರದ ದೊಡ್ಡ ಹೆಜ್ಜೆ ಅಂತಲೂ ಇತ್ತು. ಆ ವರ್ಷ ಹಾಲೆಸ್ ವಿಲ್ಬರ್ ಅಲೆನ್‌ಗೆ ಕಾಂಪೌಂಡ್ ಬಿಲ್ಲಿನ ಪೇಟೆಂಟ್ ಸಿಕ್ಕಿತ್ತು. ಆತ ಮಾಮೂಲಿ ಬಿಲ್ಲಿನ ತುದಿ ಕತ್ತರಿಸಿ ರಾಟೆ ಕೂರಿಸಿದವನು. ನಾವು ಮಾಡಿದ್ದು 9 ಅಡಿ. ಇರಲಿ. ಮ್ಯಾನೇಜರ್ ಮೇಲೆ ಪೂರ್ತಿ ಹಾಕುವ ಹಾಗೂ ಇಲ್ಲ, ನನಗೂ ಆ ನಂಬರ್ ಇಷ್ಟವಾಗಿತ್ತು. ರಾತ್ರಿ ಹನ್ನೊಂದರ ತನಕ ಬಿಲ್ಲು ಒತ್ತಿ ಹಿಡಿಯುವ ಪ್ರೆಸ್ ಮುಂದೆ ಕೂತು ಆರು ಬಿಲ್ಲುಗಳಿಗೂ ಖಡಕ್ ಮಾಡ್ಯೂಲ್ ಹಾಕಿದೆ.

ಬೆಳಿಗ್ಗೆ ಮೊದಲು ಬಂದವರದು 28 ಇಂಚಿನ ಡ್ರಾ (ಎಳೆತದ ಉದ್ದ), 60 ಪೌಂಡ್ ಎಳೆತದ ಬಲ, ತಮ್ಮದೇ 420 ಗ್ರೇನ್ ತೂಕದ ಬಾಣ. ಬ್ಯಾನರಿನ 340 ಬರುವುದು 30 ಇಂಚು, 70 ಪೌಂಡ್, 350 ಗ್ರೇನ್ ಬಾಣಕ್ಕೆ. ವೇಗ ಅಳೆಯುವ ಕ್ರೋನೊ 271 ತೋರಿಸಿತು. ಅವರು ಬ್ಯಾನರ್ ನೋಡಿದರು, ಕ್ರೋನೊ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಮಿಕ್ಕ 69 ಯಾರು ತಿಂದ್ರು ಸರ್?"

ಇನ್ನೊಬ್ಬ ಮೇಡಂ ಬಿಲ್ಲು ಮುಟ್ಟಲೇ ಇಲ್ಲ. ಸ್ನೇಹಿತನ ಕೈಗೆ ಕೊಟ್ಟು, ತಾವು ಹಿಂದೆ ನಿಂತು ಕಣ್ಣು ಮುಚ್ಚಿಕೊಂಡರು. ನಾಲ್ಕು ಬಾಣ ಹೋದ ಮೇಲೆ, "ಸದ್ದು ಪರವಾಗಿಲ್ಲ, ಆದ್ರೆ ಕೊನೆಗೆ ಎಲ್ಲೋ ಕಿಣ್ ಅನ್ನುತ್ತೆ" ಎಂದರು. ಹುಡುಕಿದರೆ ಬಾಣ ಕೂರುವ ರೆಸ್ಟ್‌ನ ಒಂದು ಸ್ಕ್ರೂ ಕಾಲು ಸುತ್ತು ಸಡಿಲ. ಅವರ ಲೆಕ್ಕ ಸರಿಯಾಗಿಯೇ ಇತ್ತು. ಸದ್ದು ಸೆಕೆಂಡಿಗೆ ಸುಮಾರು 1100 ಅಡಿ ಓಡುತ್ತದೆ. ನಮ್ಮ 340 ನಿಜವಾಗಿದ್ದರೂ ಬಾಣಕ್ಕಿಂತ ಮೊದಲು ಜಿಂಕೆಯ ಕಿವಿಗೆ ಮುಟ್ಟುವುದು ಆ ಕಿಣ್. ಅಷ್ಟರಲ್ಲಿ ಅದು ಮೈ ಕುಗ್ಗಿಸಿ ಆಗಿರುತ್ತದೆ.

ಅಲ್ಲಿಗೇ ನನಗೆ ಅರ್ಥ ಆಗಬೇಕಿತ್ತು. ಆಗಲಿಲ್ಲ.

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಒಬ್ಬ ಹಿರಿಯರು ಬಂದರು. ಅರವತ್ತು ದಾಟಿರಬಹುದು. ವೇಗ ಕೇಳಲಿಲ್ಲ, ಬೆಲೆ ಕೇಳಲಿಲ್ಲ. ಬಾಣದ ಹಿಂತುದಿಯ ನಾಕ್ ಸ್ಟ್ರಿಂಗಿಗೆ ಹಾಕಿ, ಟ್ರಿಗರ್ ಇರುವ ರಿಲೀಸ್ ಕೊಂಡಿ ಸಿಕ್ಕಿಸಿ, ಎಳೆದು ನಿಂತರು. ನಾನು ಬಾಣ ಹೋಗಲಿ ಎಂದು ಕಾಯುತ್ತಿದ್ದೆ. ಹತ್ತು ಸೆಕೆಂಡ್. ಇಪ್ಪತ್ತು. 60 ಪೌಂಡಿಗೆ 85 ಪರ್ಸೆಂಟ್ ಲೆಟ್‌ಆಫ್ (ಪೂರ್ತಿ ಎಳೆದಾಗ ಕಮ್ಮಿಯಾಗುವ ಭಾರ) ಅಂದರೆ ಕೈಯಲ್ಲಿ ನಿಲ್ಲುವುದು ಬರೀ 9 ಪೌಂಡ್. ಅದನ್ನೇ ಸವಿಯುತ್ತಿದ್ದಾರೆ ಅಂದುಕೊಂಡು ಮ್ಯಾನೇಜರ್ ಕಡೆ ನೋಡಿ ಸಣ್ಣಗೆ ನಕ್ಕೆ ಕೂಡ.

ಅವರು ಸವಿಯುತ್ತಿರಲಿಲ್ಲ. ಕಾಡಿನಲ್ಲಿ ಮಾಡುವುದನ್ನೇ ಮಾಡುತ್ತಿದ್ದರು. ಪ್ರಾಣಿಯ ತಲೆ ಮರದ ಹಿಂದೆ ಹೋದಾಗ ಎಳೆಯಬೇಕು. ಅದು ಅಲ್ಲೇ ನಿಂತರೆ ನಾವೂ ನಿಲ್ಲಬೇಕು. ಆಚೆ ತಿರುಗಿ ನಡೆದರೆ ಬಿಲ್ಲು ಇಳಿಸಬೇಕು. ನಲವತ್ತು ಸೆಕೆಂಡಿನ ಮೇಲೆ ಅವರು ಬೆರಳನ್ನು ಟ್ರಿಗರ್ ಹಿಂದಕ್ಕೆ ಸರಿಸಿ ಇಳಿಸಲು ಶುರು ಮಾಡಿದರು.

ಸ್ಟ್ರಿಂಗ್ ಅರ್ಧ ಇಂಚು ಮುಂದೆ ಹೋಯಿತೋ ಇಲ್ಲವೋ, ಬಿಲ್ಲು ಕೈಯಿಂದ ಕಿತ್ತುಕೊಂಡ ಹಾಗೆ ಎಳೆಯಿತು. ಬಲ ಭುಜ ಮುಂದಕ್ಕೆ ಹೋಯಿತು, ಅವರು ಒಂದು ಹೆಜ್ಜೆ ತಡವರಿಸಿದರು. ಆ ಜಗ್ಗಿಗೆ ನಾಕ್ ಸ್ಟ್ರಿಂಗಿನಿಂದ ಕಳಚಿ ಬಾಣ ನೆಲಕ್ಕೆ ಬಿತ್ತು. ಹೇಗೋ ಹಲ್ಲು ಕಚ್ಚಿ ಮತ್ತೆ ಹಿಂದಕ್ಕೆ, ಎಳೆತ ಮುಗಿಯುವ ಬ್ಯಾಕ್‌ವಾಲ್ ತನಕ ಎಳೆದುಕೊಂಡರು. ಈಗ ಪೂರ್ತಿ ಎಳೆದ ಬಿಲ್ಲು, ಅದರಲ್ಲಿ ಬಾಣ ಇಲ್ಲ. ಕೈ ಜಾರಿದರೆ ಡ್ರೈ ಫೈರ್. ಬಾಣದ ಜೊತೆ ಹೋಗಬೇಕಾದ ಶಕ್ತಿಯೆಲ್ಲ ಲಿಂಬಿಗೆ, ಕ್ಯಾಮಿಗೆ ಹೊಡೆಯುತ್ತದೆ. ಲಿಂಬ್ ಸೀಳಿದ್ದನ್ನು ನಾನು ಬೆಂಚಿನಲ್ಲಿ ನೋಡಿದ್ದೇನೆ, ಗಾಜಿನ ಹಿಂದೆ ನಿಂತು. ಇಲ್ಲಿ ಗಾಜು ಇರಲಿಲ್ಲ. ಅವರ ಕೆನ್ನೆಗೂ ಸ್ಟ್ರಿಂಗಿಗೂ ನಡುವೆ ಏನೂ ಇರಲಿಲ್ಲ.

ನಾನು "ಬಿಡ್ಬೇಡಿ, ಬಿಡ್ಬೇಡಿ" ಎಂದು ಕೂಗುತ್ತಾ ಅವರ ಕಡೆ ಓಡಿದೆ. ಓಡಿ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

"ಸುಮ್ನೆ ಅಲ್ಲೇ ನಿಂತ್ಕೊಳ್ಳಪ್ಪಾ," ಎಂದರು ಹಿರಿಯರು. ತಲೆ ತಿರುಗಿಸದೆ.

ನಿಂತೆ. ಅವರ ಮುಂಗೈ ನಡುಗುತ್ತಿತ್ತು. ರಿಲೀಸ್ ಸಿಕ್ಕಿಸುವ ಡಿ-ಲೂಪಿನ ಹತ್ತಿರ ಸ್ಟ್ರಿಂಗಿಗೆ ಸುತ್ತಿದ ದಾರ (ಸರ್ವಿಂಗ್) ಒಂದು ಕಡೆ ಬಿಟ್ಟುಕೊಂಡಿದ್ದು ಅಷ್ಟು ದೂರದಿಂದಲೂ ಕಾಣಿಸಿತು, ಅಥವಾ ಹೆದರಿಕೆಗೆ ಹಾಗೆ ಕಂಡಿತು. ಅವರು ಕಾಲು ಅಗಲಿಸಿದರು. ಮೈಯನ್ನು ಹಿಂದಕ್ಕೆ ವಾಲಿಸಿ ಭುಜ ಗಟ್ಟಿ ಮಾಡಿದರು. ಒಂದು ಉಸಿರು ಪೂರ್ತಿ ಬಿಟ್ಟರು. ಈ ಸಲ ಜಗ್ಗುತ್ತದೆ ಎಂದು ಗೊತ್ತಿತ್ತಲ್ಲ, ಇಡೀ ಮೈ ಕೊಟ್ಟು ತಡೆದರು. ಧಡ್ ಎಂದು ಬಿಲ್ಲು ಇಳಿಯಿತು. ಯಾರೂ ಮಾತಾಡಲಿಲ್ಲ.

ಭುಜ ಉಜ್ಜಿಕೊಳ್ಳುತ್ತಾ ಬಂದು ಕೇಳಿದರು, "ಇದನ್ನ ಇಳಿಸಿ ನೋಡಿದ್ದೀರಾ?"

"ನೋಡಿದ್ದೀವಿ ಸರ್," ಎಂದೆ.

ಸುಳ್ಳು. ಪೂರ್ತಿ ಸುಳ್ಳೂ ಅಲ್ಲ, ಅದೇ ನಾಚಿಕೆ. ಡ್ರಾ ಬೋರ್ಡಿನಲ್ಲಿ ಇಳಿಸಿದ್ದೆ. ಅಲ್ಲಿ ವಿಂಚ್ ಹಿಡಿಕೆ ತಿರುಗಿಸಿದರೆ ಒಂದೊಂದೇ ಹಲ್ಲು ಸರಿಯುತ್ತದೆ, 9 ಪೌಂಡಾದರೂ 60 ಪೌಂಡಾದರೂ ಅದಕ್ಕೆ ಒಂದೇ. ಶೂಟಿಂಗ್ ಮೆಷಿನ್ ಮೇಲೆ ಸಾವಿರಾರು ಬಾಣ ಬಿಟ್ಟಿದ್ದೆವು, ಆದರೆ ಮೆಷಿನ್ ಎಳೆದ ಮೇಲೆ ಬೇಡ ಅಂದುಕೊಳ್ಳುವುದಿಲ್ಲ. ಎಷ್ಟು ಎಳೆದರೆ ಎಷ್ಟು ಬಲ ಎಂದು ತೋರಿಸುವ ಫೋರ್ಸ್-ಡ್ರಾ ಗ್ರಾಫ್ ತೆಗೆದು ನೋಡಿದೆ. ಬಲ ಕಮ್ಮಿಯಿರುವ ವ್ಯಾಲಿಯಿಂದ ಪೂರ್ತಿ ಬಲದ ಪೀಕ್‌ಗೆ ಗೆರೆ ಗೋಡೆ ಹತ್ತಿದ ಹಾಗೆ ಹತ್ತಿತ್ತು, ಎರಡು ಇಂಚಿನೊಳಗೆ. ಪಕ್ಕದಲ್ಲಿ ನನ್ನದೇ ಕೈಬರಹ: "ಸ್ಟೋರ್ಡ್ ಎನರ್ಜಿ ಸೂಪರ್."

ಊಟಕ್ಕೆ ಹೋಗದೆ ಎರಡು ಬಿಲ್ಲಿಗೆ ಮೆತ್ತಗಿನ ಮಾಡ್ಯೂಲ್ ಹಾಕಿದೆ. ಯಾರನ್ನೂ ಕೇಳಲಿಲ್ಲ. ಹಿರಿಯರು ಹೋಗಿರುತ್ತಾರೆ ಅಂದುಕೊಂಡಿದ್ದೆ, ಇದ್ದರು. ಮೂರು ಸಲ ಎಳೆದು ಇಳಿಸಿದರು, ಎಡಗೈ ಹೆಬ್ಬೆರಳು ಗ್ರಿಪ್ ಮೇಲೆ ಸಡಿಲವಾಗಿಯೇ ಇತ್ತು. ನಾಲ್ಕನೆಯ ಸಲ ಬಾಣ ಬಿಟ್ಟರು. ಕ್ರೋನೊ ಕಡೆ ನೋಡಲಿಲ್ಲ. "ಇದನ್ಯಾಕೆ ಬೆಳಿಗ್ಗೆ ಕೊಡ್ಲಿಲ್ಲ?" ಎಂದರು.

ಮ್ಯಾನೇಜರ್ ಮಾತ್ರ ಕೆಂಡವಾದರು. "ಈಗ ಬ್ಯಾನರಿಗೆ ಏನು ಮಾಡೋಣ ಹೇಳಿ?" ಕೊನೆಗೆ ಆದ ರಾಜಿ ಏನಪ್ಪಾ ಅಂದರೆ, ಖಡಕ್ ಮಾಡ್ಯೂಲ್ ಬಿಲ್ಲಿಗೇ ಹಾಕಿ ಕಳಿಸುವುದು, ಮೆತ್ತಗಿನದನ್ನು ಡಬ್ಬಿಯ ತಳದಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿಡುವುದು. ಎಷ್ಟು ಜನ ಆ ಚೀಲ ಬಿಚ್ಚುತ್ತಾರೋ.

ನಾನು ಈಗ ಬೆಂಚಿಗೆ ಬಂದ ಪ್ರತಿ ಮಾದರಿಯನ್ನೂ ಕೈಯಲ್ಲೇ ಹತ್ತು ಸಲ ಎಳೆದು, ಹತ್ತು ಸಲ ಇಳಿಸುತ್ತೇನೆ. ಬಾಣ ನಾಕ್ ಮಾಡಿಯೇ, ಟಾರ್ಗೆಟ್ ಕಡೆ ಮುಖ ಮಾಡಿಯೇ. ವಾರದ ಕೊನೆಗೆ ಭುಜ ಹಿಡಿದುಕೊಳ್ಳುತ್ತದೆ. ವರದಿಯಲ್ಲಿ ಅದಕ್ಕೊಂದು ಕಾಲಂ ಹಾಕಿಕೊಂಡಿದ್ದೇನೆ.

ಫೀಡ್‌ಬ್ಯಾಕ್ ಫಾರಂನಲ್ಲಿ ವೇಗಕ್ಕೆ, ನೋಟಕ್ಕೆ, ಬಣ್ಣಕ್ಕೆ 1ರಿಂದ 5ರ ತನಕ ಅಂಕ ಕೊಡಲು ಸಾಲುಗಳಿವೆ. ಇಳಿಸುವುದಕ್ಕೆ ಇರಲಿಲ್ಲ, ಅದಕ್ಕೇ ಆ ಹಿರಿಯರು ಅಂಚಿನಲ್ಲಿ ಬರೆದಿದ್ದು. ಒಂದು ಸಾಲು ಸೇರಿಸಿ ಎಂದು ಎರಡು ಸಲ ಮೇಲ್ ಹಾಕಿದೆ. ಹಳೆಯ ಫಾರಂ ಇನ್ನೂ ಎರಡು ಬಂಡಲ್ ಉಳಿದಿದೆಯಂತೆ, ಅದು ಖರ್ಚಾಗಲಿ, ಆಮೇಲೆ ನೋಡೋಣ ಎಂದು ಉತ್ತರ ಬಂದಿದೆ.