ಒದ್ದೆ ಹಿಕ್ಕೆಯ ಮೇಲೆ ಮೋವರ್ ಬಿಡಬೇಡಿ

ಹಿಂಗಾರು ಮಳೆ ಹಿಡಿಯಿತೆಂದರೆ ನಮ್ಮ ಹೊಸೂರು ಕಡೆಯ ಗಾಲ್ಫ್ ಕೋರ್ಸಿನಲ್ಲಿ ಎರೆಹುಳುಗಳ ಕಾಲ. ರಾತ್ರಿ ಮಳೆ ಬಿದ್ದರೆ ಬೆಳಿಗ್ಗೆ ಫೇರ್‌ವೇ ಎಂಬ ಆಟದ ಹುಲ್ಲುಹಾದಿಯ ತುಂಬಾ ಹಿಕ್ಕೆಯ ಗುಪ್ಪೆಗಳು, ಹುಳು ತಿಂದು ಹೊರಹಾಕಿದ ಮಣ್ಣು. ಆವತ್ತೂ ಹಾಗೇ ಆಗಿತ್ತು. ಏಳೂವರೆಗೆ ಟೂರ್ನಮೆಂಟ್. ಆರು ಗಂಟೆಗೇ ವಾಕಿಟಾಕಿಯಲ್ಲಿ ಮ್ಯಾನೇಜರ್: "ಮೋವರ್ ಇನ್ನೂ ಯಾಕೆ ಹೊರಟಿಲ್ಲ?"

"ಅರ್ಧ ಗಂಟೆ ಕೊಡಿ ಸರ್, ಒಣಗಲಿ" ಎಂದೆ.

ಒದ್ದೆ ಹಿಕ್ಕೆಯ ಮೇಲೆ ಹುಲ್ಲು ಕತ್ತರಿಸುವ ಮೋವರಿನ ರೋಲರ್ ಹೋದರೆ ಅಂಗಳಕ್ಕೆ ಸಗಣಿ ಸಾರಿಸಿದ ಹಾಗಾಗುತ್ತದೆ. ಅಡಿಯ ಹುಲ್ಲಿಗೆ ಬೆಳಕಿಲ್ಲ, ಹಳದಿಯಾಗುತ್ತದೆ. ಆ ಕೆಸರಲ್ಲೇ ಕಳೆ ಬೀಜ ಮೊಳೆಯುತ್ತದೆ. ಮಣ್ಣಿನ ಹರಳು ಸಿಕ್ಕಿ ಬ್ಲೇಡ್ ಮೊಂಡಾಗುತ್ತದೆ. ಹಿಕ್ಕೆಯನ್ನು ಆಟಗಾರರೇ ಕೈಯಿಂದ ತೆಗೆಯಬಹುದು, ನಿಯಮ ಬಿಡುತ್ತದೆ. ಆದರೆ ಸವರಿ ಮೆತ್ತಿಕೊಂಡದ್ದನ್ನು ತೆಗೆಯುವುದು ಹೇಗೆ?

ಅರ್ಧ ಗಂಟೆ ಕಳೆಯಿತು. ಮೋಡ ಸರಿಯಲಿಲ್ಲ. ಮ್ಯಾನೇಜರ್ ಕಾರ್ಟ್ ತಂದು ನನ್ನ ಪಕ್ಕದಲ್ಲೇ ನಿಲ್ಲಿಸಿದರು. ಮಾತಿಲ್ಲ, ಗಡಿಯಾರ ನೋಡುತ್ತಿದ್ದರು ಅಷ್ಟೆ. ನಾನು ಬಗ್ಗಿ ಒಂದು ಗುಪ್ಪೆ ಒತ್ತಿದೆ. ಬೆರಳಿಗೆ ಅಂಟಿತು. ಮೋವರ್ ಮೇಲೆ ಕೂತಿದ್ದ ತಳಿ ಊರಿನ ಕಡೆಯ ಹುಡುಗ "ಅಣ್ಣಾ, ಬಿಡೋಣ್ವಾ?" ಎಂದ. ಬೇಡ ಎಂದು ಕೈ ತೋರಿಸಿದೆ. ಇನ್ನೊಂದು ಒತ್ತಿದೆ, ಅದೂ ಅಂಟಿತು. ಏಳರ ಹೊತ್ತಿಗೆ ಬಿಸಿಲು ಬಂತು, ಗಾಳಿಯೂ ಬಂತು. ಸ್ವಲ್ಪ ಹೊತ್ತಿಗೆ ಗುಪ್ಪೆ ಬೆರಳಲ್ಲಿ ಪುಡಿಯಾಯಿತು. ಹುಡುಗರು ಉದ್ದನೆಯ ಬಿದಿರು ಕೋಲು ಹಿಡಿದು ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್ ಮೇಲಿನದನ್ನೆಲ್ಲ ಬೀಸಿ ಚದುರಿಸಿದರು. ಫೇರ್‌ವೇಗೆ ಬ್ರಷ್ ಎಳೆದು, ಹಿಂದೆಯೇ ಮೋವರ್ ಬಿಟ್ಟೆವು. ಕೊನೆಯ ಹೋಲ್‌ಗಳ ಹುಲ್ಲು ಕತ್ತರಿಸುವಾಗ ಆಟ ಶುರುವಾಗಿಬಿಟ್ಟಿತ್ತು. ಆದರೆ ಕೋರ್ಸ್ ಕೆಸರಾಗಲಿಲ್ಲ.

ಮರುದಿನದ ಮೀಟಿಂಗಿನಲ್ಲಿ ಬಂದ ಸಲಹೆ: "ಹಿಪ್ಪೆ ಹಿಂಡಿ ಎರಚಿ, ಹುಳ ಮುಗಿಸಿಬಿಡಿ."

ಹಿಪ್ಪೆ ಮರದ ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಅದು. ಸಲಹೆ ಹೊಸದೇನಲ್ಲ. ನೂರು ವರ್ಷದ ಹಿಂದೆ ಬ್ರಿಟನ್ನಿನ ಗಾಲ್ಫ್ ಕೋರ್ಸುಗಳು ಇದೇ ಕೆಲಸಕ್ಕೆ ನಮ್ಮ ದೇಶದ ಹಿಪ್ಪೆ ಹಿಂಡಿ ತರಿಸಿಕೊಳ್ಳುತ್ತಿದ್ದವು. ಅದರಲ್ಲಿರುವ ಸಪೋನಿನ್ ಎಂಬ ಅಂಶ ಹುಳದ ಮೈ ಉರಿಸುತ್ತದೆ, ಹುಳು ಮೇಲೆ ಬಂದು ಸಾಯುತ್ತದೆ. ಅದೇ ಹಿಂಡಿಯನ್ನು ಮೀನು ಸಾಕುವವರು ಕೊಳದ ಬೇಡದ ಮೀನು ಸಾಯಿಸಲು ಹಾಕುತ್ತಾರೆ. ನಮ್ಮ ಫೇರ್‌ವೇ ನೀರು ಹೋಗುವುದು ಎಲ್ಲಿಗೆ? ಕೆಳಗಿನ ಹೊಂಡಕ್ಕೆ, ಅಲ್ಲಿಂದ ಊರಿನವರ ಹೊಲದ ಕಾಲುವೆಗೆ. ಆಗಲ್ಲ ಎಂದೆ. ಹುಳು ಹೋದರೆ ಮಣ್ಣಿಗೆ ನೀರಿಳಿಯುವ ದಾರಿಯೂ ಕಡಿಮೆ. ಆಮೇಲೆ ತೂತು ಹೊಡೆಸುವ ಖರ್ಚು ಜಾಸ್ತಿ. ಅದನ್ನೂ ಹೇಳಿದೆ.

ಮಾಡಬೇಕಾದ್ದು ಬೇರೆ. ಮಳೆಗಾಲದಲ್ಲಿ ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಡಬಾರದು, ಅದು ಹುಳದ ಊಟ. ನೀರು ಹರಿದು ಹೋಗುವಂತೆ ಮಾಡಬೇಕು. ಎಲ್ಲಕ್ಕಿಂತ ಮುಖ್ಯ ಮರಳು. ವರ್ಷಾ ವರ್ಷಾ ಅದನ್ನು ತೆಳ್ಳಗೆ ಹರಡಿ ಟಾಪ್‌ಡ್ರೆಸ್ಸಿಂಗ್ ಮಾಡಿದರೆ ಮೇಲ್ಮಣ್ಣು ಬೇಗ ಒಣಗುತ್ತದೆ, ಹಿಕ್ಕೆ ಕಡಿಮೆಯಾಗುತ್ತದೆ, ಬಿದ್ದದ್ದೂ ಸುಲಭವಾಗಿ ಉದುರುತ್ತದೆ. ಒಂದು ಸೀಸನ್ನಿನಲ್ಲಿ ಆಗುವ ಕೆಲಸ ಅಲ್ಲ. ಮ್ಯಾನೇಜ್‌ಮೆಂಟಿಗೆ ಬೇಡವಾಗಿರುವುದೂ ಅದೇ. ಫೇರ್‌ವೇಗೆ ಮರಳು ಕೇಳಿದಾಗಲೆಲ್ಲ "ಮುಂದಿನ ಬಜೆಟ್ಟಿಗೆ ನೋಡೋಣ".

ಈ ಸಲ ಬರೆದೇ ಕೊಟ್ಟಿದ್ದೇನೆ: ನೀರು ನಿಲ್ಲುವ ಫೇರ್‌ವೇಗಳಿಗಾದರೂ ಮರಳು ಕೊಡಿ. ಸವೆದ ಬ್ರಷ್ ಬದಲಿಸಿ. ಮಳೆಗಾಲದ ಟೂರ್ನಮೆಂಟ್ ಇದ್ದರೆ ಮೊದಲ ಟೀ ಟೈಮ್, ಅಂದರೆ ಆಟ ಶುರುವಾಗುವ ಹೊತ್ತು, ಎಂಟೂವರೆಗೆ ಇಡಿ.